ಅಯ್ಯಾರನ ಜೋಳಿಗೆ: ಪಾತ್ರದಾಟದಲ್ಲಿ ಚಾಲಾಕಿಯಾಗುವುದು ಹೇಗೆ?



ಭಾನುವಾರ ಮಧ್ಯಾಹ್ನ ನಾವು ಮೂವರು ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತುವುದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. "ಟ್ಯೂಷನ್ನಾ?" ಎಂದು ಕೇಳಿದವರಿದ್ದಾರೆ. "ಕೈಯಲ್ಲಿ ಆ ಸ್ಟೀಲ್ ಲೋಟ ಯಾಕೆ?" ಎಂದು ನಕ್ಕವರೂ ಇದ್ದಾರೆ. ನಾವು ಹೋಗುವುದು ಒಂದು ಆಟಕ್ಕೆ. ಅದರ ಹೆಸರು ಪಾತ್ರದಾಟ, ಇಂಗ್ಲಿಷಿನ ರೋಲ್‌ಪ್ಲೇಯಿಂಗ್ ಗೇಮ್. ಅದರಲ್ಲಿ ನನ್ನದು ಚಾಲಾಕಿಯ ಪಾತ್ರ, ಅಂದರೆ ಕತ್ತಿಯ ಬಲದಿಂದಲ್ಲ, ಉಪಾಯದಿಂದ ಗೆಲ್ಲುವವನ ಪಾತ್ರ.

ಈ ಪಾತ್ರವನ್ನು ಹೇಗೆ ಆಡಬೇಕು ಎಂದು ವಿವರಿಸುವುದು ಈ ಲೇಖನದ ಉದ್ದೇಶ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಇದೇ ಪಾತ್ರವನ್ನು ತಪ್ಪಾಗಿ ಆಡಿ ನಾನು ಒಬ್ಬ ಒಳ್ಳೆಯ ಗೆಳೆಯನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಆ ಮಾತನ್ನು ಮುಂದೆ ಹೇಳುತ್ತೇನೆ.

ಆಟ ಎಂದರೆ ಏನು?

ಇದು ಮೊಬೈಲ್ ಆಟವಲ್ಲ. ನಾಲ್ಕೈದು ಜನ ಚಾಪೆಯ ಮೇಲೆ ಸುತ್ತ ಕೂತು ಮಾತಿನಲ್ಲೇ ಒಂದು ಕಥೆ ಕಟ್ಟುವ ಆಟ. ಒಬ್ಬರು ಸೂತ್ರಧಾರರು. ಕೋಟೆ, ಕಾಡು, ರಾಕ್ಷಸ, ಕಾವಲುಗಾರ ಎಲ್ಲವನ್ನೂ ಅವರೇ ವರ್ಣಿಸುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. "ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?" ಎಂದು ಸೂತ್ರಧಾರರು ಕೇಳುತ್ತಾರೆ. ಒಬ್ಬ "ಒಡೆಯುತ್ತೇನೆ" ಎನ್ನುತ್ತಾನೆ, ಇನ್ನೊಬ್ಬ "ತಟ್ಟುತ್ತೇನೆ" ಎನ್ನುತ್ತಾನೆ, ನಾನು "ಬೀಗದ ಕೈ ಯಾರ ಹತ್ತಿರ ಇದೆ?" ಎಂದು ಕೇಳುತ್ತೇನೆ. ಸೋಲು ಗೆಲುವು ಖಚಿತವಿಲ್ಲದ ಕೆಲಸವಾದರೆ ಒಂದು ಸಂಖ್ಯೆ ತೆಗೆದು ತೀರ್ಮಾನಿಸುತ್ತೇವೆ.

ಈ ಬಗೆಯ ಆಟಗಳಲ್ಲಿ ಅತಿ ಪ್ರಸಿದ್ಧವಾದುದು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದರು, 1974ರಲ್ಲಿ ಅದು ಪ್ರಕಟವಾಯಿತು. ಮೊದಲಿದ್ದದ್ದು ಮೂರೇ ಬಗೆಯ ಪಾತ್ರಗಳು: ಯೋಧ, ಮಾಂತ್ರಿಕ, ಧರ್ಮಗುರು. 1975ರ ಒಂದು ಪುರವಣಿಯಲ್ಲಿ ಕಳ್ಳನ ಪಾತ್ರ ಸೇರಿತು. 2000ದ ಮೂರನೆಯ ಆವೃತ್ತಿಯಲ್ಲಿ ಆ ಪಾತ್ರದ ಹೆಸರು ರೋಗ್ ಎಂದಾಯಿತು. 2014ರ ಪುಸ್ತಕದಲ್ಲಿ ರೋಗ್ ಪಾತ್ರದ ಒಂದು ಶಾಖೆ ಆರ್ಕೇನ್ ಟ್ರಿಕ್‌ಸ್ಟರ್, ಅಂದರೆ ಸ್ವಲ್ಪ ಮಾಯಾವಿದ್ಯೆ ಕಲಿತ ಚಾಲಾಕಿ. ಅದೇ ಪುಸ್ತಕದಲ್ಲಿ ಯೋಧನ ಒಂದು ಶಾಖೆಗೆ ಚಾಂಪಿಯನ್ ಎಂದು ಹೆಸರು. ಒಬ್ಬನದು ತೋಳ್ಬಲ, ಇನ್ನೊಬ್ಬನದು ಬುದ್ಧಿಬಲ.

ಮೂಲ ಆಟದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ನಮ್ಮ ಮನೆಗಳಲ್ಲಿ ದಾಳ ನಡೆಯುವುದಿಲ್ಲ. ದಾಳದಾಟದ ಬಗ್ಗೆ ಹದೀಸಿನಲ್ಲಿ ಎಚ್ಚರಿಕೆ ಇದೆ, ಹಣ ಕಟ್ಟದಿದ್ದರೂ ದಾಳ ಬೇಡ ಎನ್ನುವ ಆಲಿಮರು ಅನೇಕರು. ಈ ವಿಷಯದಲ್ಲಿ ಅಬ್ಬಾ ಜೊತೆ ವಾದ ಮಾಡುವ ಮನಸ್ಸು ನನಗಿರಲಿಲ್ಲ. ಅದಕ್ಕೆ 1ರಿಂದ 20ರವರೆಗೆ ಬರೆದ ಇಪ್ಪತ್ತು ಚೀಟಿಗಳನ್ನು ಲೋಟಕ್ಕೆ ಹಾಕಿದೆವು. ಆ ಲೋಟದ ಗುಟ್ಟು ಇಷ್ಟೇ. ಹಣದ ಪಣ ಇಲ್ಲ, ಅಸರ್ ನಮಾಜಿಗೆ ಆಟ ನಿಲ್ಲುತ್ತದೆ, ಸಂಜೆ ಆರಕ್ಕೆ ಮುಗಿಯುತ್ತದೆ. ಈ ಮೂರು ಷರತ್ತಿನ ಮೇಲೆ ಮನೆಯವರು ಒಪ್ಪಿದ್ದಾರೆ.

ನಮ್ಮ ಆಟ ನಡೆಯುವುದು ಹರಿಹರದಲ್ಲಿ ನನ್ನ ನಾನಿಯ ಮನೆಯ ಮಹಡಿಯ ಮೇಲೆ. ಸೂತ್ರಧಾರಿಣಿ ನನ್ನ ಖಾಲಾ ಮಗಳು, ಎಂಜಿನಿಯರಿಂಗ್ ಓದುತ್ತಿರುವ ಆಪಾ. ಆಟಗಾರರು ನಾಲ್ವರು. ಇಲ್ಲಿ ಅವರನ್ನು ಆಟದ ಹೆಸರಿನಿಂದಲೇ ಕರೆಯುತ್ತೇನೆ. ಪೈಲ್ವಾನ್ ಮತ್ತು ಹಕೀಮ್ ನನ್ನ ಸಹಪಾಠಿಗಳು. ಬಿಲ್ಲುಗಾರ ನಾನಿಯ ಬೀದಿಯ ಹುಡುಗ, ಅವನ ಅಜ್ಜ ದೊಡ್ಡಾಟದಲ್ಲಿ ಸಾರಥಿಯ ವೇಷ ಹಾಕುತ್ತಿದ್ದವರು. ನನ್ನ ಪಾತ್ರದ ಹೆಸರು ಚಾಲಾಕ್.

ಅಮ್ರೂ ಅಯ್ಯಾರ್ ಎಂಬ ಗುರು

ಚಾಲಾಕ್ ಎಂಬ ಹೆಸರು ನನಗೆ ಸಿಕ್ಕಿದ್ದು ನಾನಿಯಿಂದ. ಚಿಕ್ಕವರಿದ್ದಾಗ ಕರೆಂಟ್ ಹೋದರೆ ನಾನಿ ಅಮೀರ್ ಹಮ್ಜಾನ ದಾಸ್ತಾನ್ ಹೇಳುತ್ತಿದ್ದರು. ದಾಸ್ತಾನ್ ಎಂದರೆ ತಿಂಗಳುಗಟ್ಟಲೆ ಹೇಳಿದರೂ ಮುಗಿಯದ ಸಾಹಸ ಕಥೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ದಾಸ್ತಾನಿನ ಹಮ್ಜಾ ಪರಿಗಳ ನಾಡಿಗೆ ಹೋಗುವ, ದೈತ್ಯರನ್ನು ಮಣಿಸುವ ಕಲ್ಪನೆಯ ವೀರ. ಪ್ರವಾದಿಯವರ (ಸ) ಚಿಕ್ಕಪ್ಪ ಹಜ್ರತ್ ಹಮ್ಜಾ (ರ) ಅವರ ಹೆಸರನ್ನು ಕಥೆ ತೆಗೆದುಕೊಂಡಿದೆ, ಆದರೆ ಅದು ಇತಿಹಾಸವಲ್ಲ.

ಈ ಕಥೆಯನ್ನು ಅಕ್ಬರ್ ಬಾದಶಹ ಎಷ್ಟು ಮೆಚ್ಚಿದ್ದನೆಂದರೆ 1562ರ ಸುಮಾರಿನಿಂದ ಹದಿನೈದು ವರ್ಷ ಚಿತ್ರಗಾರರನ್ನು ಕೂರಿಸಿ ಸುಮಾರು 1400 ದೊಡ್ಡ ಚಿತ್ರಗಳನ್ನು ಮಾಡಿಸಿದ. ಅದೇ ಹಮ್ಜಾನಾಮಾ. ಇಂದು ಅದರಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ ಚಿತ್ರಗಳು, ಅವೂ ಜಗತ್ತಿನ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಚದುರಿವೆ. ಮುಂದೆ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಉರ್ದುವಿನಲ್ಲಿ ಈ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರಲ್ಲಿ ಅತಿ ಜನಪ್ರಿಯವಾದ ಭಾಗ ತಿಲಿಸ್ಮೆ ಹೋಶ್‌ರುಬಾ. ಅದರ ಮೊದಲ ಸಂಪುಟ ಬಂದದ್ದು 1883ರಲ್ಲಿ.

ಹಮ್ಜಾ ದೊಡ್ಡ ವೀರ, ಆದರೆ ಕಥೆ ಕೇಳುವವರಿಗೆ ಪ್ರೀತಿ ಅವನ ಗೆಳೆಯ ಅಮ್ರೂ ಅಯ್ಯಾರನ ಮೇಲೆ. ಅಯ್ಯಾರ್ ಎಂದರೆ ವೇಷ ಮರೆಸುವ, ಗೋಡೆ ಹತ್ತುವ, ಸುದ್ದಿ ತರುವ, ಮಾತಿನಲ್ಲಿ ಮರುಳು ಮಾಡುವ ಚತುರ. ಅಮ್ರೂಗೆ ಗಾಳಿಯಂಥ ಓಟ. ಅವನ ಹೆಗಲಲ್ಲಿ ಝಂಬೀಲ್ ಎಂಬ ಜೋಳಿಗೆ, ಎಷ್ಟು ತುಂಬಿದರೂ ತುಂಬದು. ಹೊದ್ದರೆ ಯಾರಿಗೂ ಕಾಣದಂತೆ ಮಾಡುವ ಗಿಲೀಮ್ ಎಂಬ ಕಂಬಳಿ. ಮೂಸಿದರೆ ಮೂರ್ಛೆ ಬರಿಸುವ ಪುಡಿ. ಇಷ್ಟಾದರೂ ಅವನು ಜಿಪುಣ, ಕಾಸಿಗೆ ಬಾಯಿ ಬಿಡುವವನು. ಅದಕ್ಕೇ ನಗು ಬರುತ್ತದೆ. ಅವನ ಮಗನ ಹೆಸರು ಚಾಲಾಕ್, ಅವನೂ ಅಯ್ಯಾರ್.

ಹುಡುಗಿಯರು "ಇದೆಲ್ಲ ಹುಡುಗರ ಕಥೆ" ಎನ್ನಬೇಡಿ. ಹೋಶ್‌ರುಬಾದಲ್ಲಿ ಎದುರು ಪಕ್ಷದ ಜಾದೂಗಾರ ಬಾದಶಹ ಅಫ್ರಾಸಿಯಾಬನ ಕಡೆ ಅಯ್ಯಾರಳಾಗಿರುವವಳು ಸರ್‌ಸರ್. ಅಮ್ರೂಗೆ ಸರಿಸಮನಾಗಿ ನಿಲ್ಲುವವಳು ಅವಳೇ. ನಮ್ಮ ಅಧ್ಯಾಪಕರಿಗೆ ದೂರದರ್ಶನದ ಚಂದ್ರಕಾಂತಾ ಧಾರಾವಾಹಿಯ ಅಯ್ಯಾರರು ನೆನಪಿರಬಹುದು. ದೇವಕಿನಂದನ ಖತ್ರಿಯವರ ಆ ಹಿಂದಿ ಕಾದಂಬರಿಯ ಅಯ್ಯಾರರೂ ಇದೇ ವಂಶದವರು.

ಅಮ್ರೂವಿನಿಂದ ನಾನು ಕಲಿತ ಮೊದಲ ಪಾಠ: ಅಯ್ಯಾರ್ ಒಬ್ಬಂಟಿಯಲ್ಲ. ಹಮ್ಜಾ ಸೆರೆ ಸಿಕ್ಕಾಗ ಅಮ್ರೂ ಬೇಕು, ಅಮ್ರೂ ಸಿಕ್ಕಿಬಿದ್ದಾಗ ಹಮ್ಜಾ ಬೇಕು. ನಮ್ಮ ಆಟದಲ್ಲೂ ಪೈಲ್ವಾನ್ ಇಲ್ಲದಿದ್ದರೆ ಚಾಲಾಕ್ ಒಂದೇ ಏಟಿಗೆ ಮಲಗುತ್ತಾನೆ.

ಷರತ್ತನ್ನು ಓದುವ ಕಲೆ

ಎರಡನೆಯ ಪಾಠ ಸಿಕ್ಕಿದ್ದು ನಾವು ಆಡುವ ಊರಿನಿಂದಲೇ. ಹರಿಹರೇಶ್ವರ ದೇವಾಲಯವನ್ನು ಎಲ್ಲರೂ ನೋಡಿದ್ದೀರಿ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವ ಅದನ್ನು 1224ರ ಸುಮಾರಿಗೆ ಕಟ್ಟಿಸಿದ. ಅದರ ಸ್ಥಳಪುರಾಣವನ್ನು ನಮಗೆ ಹೇಳಿದವನು ಬಿಲ್ಲುಗಾರ. ಗುಹಾಸುರ ಎಂಬ ರಾಕ್ಷಸ ಬ್ರಹ್ಮನಿಂದ ವರ ಪಡೆದಿದ್ದ, ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದು. ವರ ಮುರಿಯುವ ಹಾಗಿಲ್ಲ. ಆಗ ಹರಿ ಹರ ಇಬ್ಬರೂ ಒಂದೇ ದೇಹವಾಗಿ ಹರಿಹರನಾಗಿ ಬಂದರು. ವರದ ಮಾತು ಮಾತಾಗಿಯೇ ಉಳಿಯಿತು, ಗುಹಾಸುರ ಸೋತ.

ಬಿಲ್ಲುಗಾರನಿಗೆ ಅದು ಭಕ್ತಿಯ ಕಥೆ. ಅದನ್ನು ಕೇಳಿದ ನನಗೆ ಆಟದ ಒಂದು ವಿಷಯ ಹೊಳೆಯಿತು. ನಿಯಮ ಮುರಿಯುವುದು ಬೇರೆ, ನಿಯಮವನ್ನು ಗಮನವಿಟ್ಟು ಓದುವುದು ಬೇರೆ. ದಾಸ್ತಾನಿನ ತಿಲಿಸ್ಮ್ ಕೂಡ ಹೀಗೆಯೇ. ಅದು ಜಾದೂಗಾರರು ಕಟ್ಟಿದ ಮಾಯಾಲೋಕ, ಆದರೆ ಅದನ್ನು ಮುರಿಯುವ ವಿಧಾನ ಲೌಹ್ ಎಂಬ ಫಲಕದ ಮೇಲೆ ಬರೆದಿರುತ್ತದೆ. ಗೆಲ್ಲುವವನು ಅದನ್ನು ಹುಡುಕಿ ಓದಬೇಕು. ಚಾಲಾಕಿ ಪಾತ್ರದವನು ಆಟದಲ್ಲಿ ಎಲ್ಲರಿಗಿಂತ ಹೆಚ್ಚು ನಿಯಮ ತಿಳಿದವನಾಗಿರಬೇಕು. ಚೀಟಿಯಲ್ಲಿ 6 ಬಂದರೆ 16 ಎಂದು ಹೇಳುವವನು ಚಾಲಾಕಿಯಲ್ಲ, ಬರೀ ಮೋಸಗಾರ.

ಒಂದು ಬಾಗಿಲಿನ ಉದಾಹರಣೆ

ನಾವು ಆಡಿದ ಒಂದು ಪ್ರಸಂಗ ಹೇಳುತ್ತೇನೆ. ನದಿ ದಂಡೆಯ ಕೋಟೆ. ಒಳಗೆ ಒಬ್ಬ ಕೈದಿ, ಅವನನ್ನು ಬಿಡಿಸಬೇಕು. ಬಾಗಿಲಲ್ಲಿ ಫಲಕ: "ಆಯುಧ ಹಿಡಿದವರು ಒಳಗೆ ಬರಕೂಡದು." ಪೈಲ್ವಾನನ ಕತ್ತಿ ಆಳುದ್ದ. ಅದು ಒಳಗೆ ಬೇಕೇ ಬೇಕು.

ಪೈಲ್ವಾನ್ ಕಾವಲುಗಾರರ ಮೇಲೆ ಬೀಳೋಣ ಎಂದ. ಬಿಲ್ಲುಗಾರ ರಾತ್ರಿ ಗೋಡೆ ಹತ್ತೋಣ ಎಂದ. ನಾನು ಮೊದಲು ಬಾಗಿಲ ಎದುರಿನ ಚಹಾ ಅಂಗಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ ಎಂದೆ. ಆಪಾ ಒಂದು ಸುದ್ದಿ ಕೊಟ್ಟರು: ಕಾವಲಿನ ಹವಾಲ್ದಾರನಿಗೆ ನಿನ್ನೆ ಮೇಲಧಿಕಾರಿಯಿಂದ ಬೈಗುಳ ಬಿದ್ದಿದೆ, ತಿಂಗಳಿಂದ ಒಂದು ಆಯುಧವನ್ನೂ ವಶಪಡಿಸಿಕೊಂಡಿಲ್ಲ ಎಂದು.

ನಾನು ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ನೇರ ಹವಾಲ್ದಾರನ ಹತ್ತಿರ ಹೋದೆ.

"ಸಾಹೇಬರೇ, ದಾರಿಯಲ್ಲಿ ಈ ಕತ್ತಿ ಬಿದ್ದಿತ್ತು. ನಮ್ಮಂಥವರ ಹತ್ತಿರ ಇರಬಾರದು. ಸರ್ಕಾರಕ್ಕೆ ಒಪ್ಪಿಸೋಣ ಅಂತ ಬಂದೆ."

"ಇಲ್ಲಿಟ್ಟು ಹೋಗು."

"ಇಡ್ತೀನಿ. ಒಂದು ರಸೀದಿ ಕೊಟ್ರೆ ಒಳ್ಳೇದು. ನಿಮ್ಮ ಹೆಸರಲ್ಲೇ ಬರೀರಿ, ವಶಪಡಿಸಿಕೊಂಡವರು ನೀವೇ ಅಂತ."

ಆಪಾ ನಕ್ಕು "15 ಬೇಕು" ಎಂದರು. ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಮಾತಿನ ಕೌಶಲ ಏನೂ ಇಲ್ಲದ ಪೈಲ್ವಾನ್ ಈ ಕೆಲಸಕ್ಕೆ ಹೋಗಿದ್ದರೆ 15ರಿಂದ 20ರವರೆಗಿನ ಆರು ಚೀಟಿಗಳಲ್ಲಿ ಒಂದು ಬರಬೇಕಿತ್ತು, ಅಂದರೆ 20ರಲ್ಲಿ 6, ನೂರಕ್ಕೆ 30ರಷ್ಟು ಸಾಧ್ಯತೆ. ಚಾಲಾಕ್‌ಗೆ ಮಾತಿನಲ್ಲಿ 3 ಅಂಕ ಹೆಚ್ಚುವರಿ ಇದೆ. ಆದ್ದರಿಂದ 12 ಬಂದರೂ ಸಾಕು, ಸಾಧ್ಯತೆ 20ರಲ್ಲಿ 9, ನೂರಕ್ಕೆ 45. ಚಹಾ ಅಂಗಡಿಯ ಸುದ್ದಿಯನ್ನು ಸರಿಯಾಗಿ ಬಳಸಿದ್ದಕ್ಕೆ ಆಪಾ ಎರಡು ಸಲ ಚೀಟಿ ತೆಗೆದು ದೊಡ್ಡದನ್ನು ಇಟ್ಟುಕೊಳ್ಳಲು ಬಿಟ್ಟರು. ಎರಡೂ ಸಲ ಸೋಲುವ ಸಾಧ್ಯತೆ 0.55 ಗುಣಿಸು 0.55, ಅಂದರೆ 0.3025. ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 70. ತೆಗೆದ ಚೀಟಿಯನ್ನು ಮಡಚಿ ಮತ್ತೆ ಲೋಟಕ್ಕೆ ಹಾಕಲೇಬೇಕು, ಇಲ್ಲದಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ. ಯಾಕೆ ಎಂದು ನಮ್ಮ ಗಣಿತದ ಸರ್ ಸಂತೋಷದಿಂದ ಹೇಳಿಕೊಡುತ್ತಾರೆ.

ಮೊದಲ ಚೀಟಿ 6, ಎರಡನೆಯದು 14. ಮೂರು ಕೂಡಿಸಿ 17. ಹವಾಲ್ದಾರ ರಸೀದಿ ಬರೆದ, ಕಾವಲುಗಾರರೇ ಕತ್ತಿಯನ್ನು ಹೊತ್ತು ಒಳಗಿನ ಶಸ್ತ್ರಾಗಾರದಲ್ಲಿ ಇಟ್ಟರು. ನಾವು ಬರಿಗೈಯಲ್ಲಿ ಸಲಾಂ ಮಾಡಿ ಒಳಗೆ ಹೋದೆವು. ಸಂಜೆ ಕಾವಲು ಬದಲಾದಾಗ ಪೈಲ್ವಾನ್ ಅದೇ ರಸೀದಿ ತೋರಿಸಿ ತನ್ನ ಕತ್ತಿಯನ್ನು ಬಿಡಿಸಿಕೊಂಡ. ಫಲಕದ ನಿಯಮವನ್ನು ಯಾರೂ ಮುರಿಯಲಿಲ್ಲ.

ಈ ಪ್ರಸಂಗದಿಂದ ಪಾತ್ರದ ಕೆಲಸವನ್ನು ಹೀಗೆ ಬಿಡಿಸಿ ಹೇಳಬಹುದು.

ಒಂದು, ಎದುರಿನವನಿಗೆ ಏನು ಬೇಕು ಎಂದು ಮೊದಲು ತಿಳಿಯಿರಿ. ಹವಾಲ್ದಾರನಿಗೆ ಬೇಕಿದ್ದದ್ದು ಲಂಚವಲ್ಲ, ಮೇಲಧಿಕಾರಿಯ ಮುಂದೆ ಮಾನ. ಅದನ್ನು ತಿಳಿಯದೆ ಹಣ ಚಾಚಿದ್ದರೆ ನಾನು ಜೈಲಿಗೆ ಹೋಗುತ್ತಿದ್ದೆ.

ಎರಡು, ಅದೃಷ್ಟದ ಮೇಲೆ ಭಾರ ಹಾಕಬೇಡಿ. 45ನ್ನು 70 ಮಾಡಿದ್ದು ಚಹಾ ಅಂಗಡಿಯಲ್ಲಿ ಕೂತ ಹೊತ್ತು. ಚಾಲಾಕಿಯ ಅರ್ಧ ಕೆಲಸ ಕೇಳಿಸಿಕೊಳ್ಳುವುದು.

ಮೂರು, ಜೋಳಿಗೆಗೆ ಮಿತಿ ಇರಲಿ. ಅಮ್ರೂವಿನ ಝಂಬೀಲಿನಲ್ಲಿ ಎಲ್ಲವೂ ಸಿಗುತ್ತದೆ, ಕಥೆಗೆ ಅದು ಚೆನ್ನ. ಆಟದಲ್ಲಿ ಹಾಗೆ ಬಿಟ್ಟರೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಚಾಲಾಕ್‌ನ ಜೋಳಿಗೆಯಲ್ಲಿ ಆರೇ ವಸ್ತು, ಆಟಕ್ಕೆ ಮೊದಲೇ ಬರೆದು ಇಡಬೇಕು. ಹಗ್ಗ, ಸುಣ್ಣದ ಕಡ್ಡಿ, ಅಂಟಿಸುವ ಗಡ್ಡ, ಮಸಿ, ಬೆಲ್ಲದ ಅಚ್ಚು, ಒಂದೇ ಸಲಕ್ಕೆ ಆಗುವಷ್ಟು ಮೂರ್ಛೆಯ ಪುಡಿ. ಬೆಲ್ಲದ ಅಚ್ಚಿನಿಂದ ಒಮ್ಮೆ ಕಾವಲು ನಾಯಿಯನ್ನು, ಇನ್ನೊಮ್ಮೆ ಇರುವೆಗಳನ್ನು ಕೆಲಸಕ್ಕೆ ಹಚ್ಚಿದ್ದೇನೆ.

ನಾಲ್ಕು, ಸೋಲಲು ಕಲಿಯಿರಿ. ಒಮ್ಮೆ ಮಸಾಲೆ ವ್ಯಾಪಾರಿಯ ವೇಷ ಹಾಕಿದ್ದೆ, ಚೀಟಿ 2 ಬಂತು. ಆಪಾ ಕಾವಲುಗಾರನ ದನಿಯಲ್ಲಿ "ಏಲಕ್ಕಿ ಏನು ರೇಟು?" ಎಂದರು. ನಾನು ಏನೋ ಹೇಳಿದೆ, ಎಲ್ಲರೂ ನಕ್ಕರು, ನನ್ನನ್ನು ಸೆರೆಮನೆಗೆ ಹಾಕಿದರು. ನಾವು ಹುಡುಕುತ್ತಿದ್ದ ಮುದುಕ ಸಿಕ್ಕಿದ್ದು ಅದೇ ಸೆರೆಮನೆಯಲ್ಲಿ! ಚಾಲಾಕಿ ಸಿಕ್ಕಿಬೀಳುವುದು ಆಟಕ್ಕೆ ನಷ್ಟವಲ್ಲ. ಅದಕ್ಕೆ ಮುಖ ಊದಿಸಿಕೊಂಡು ಕೂತರೆ ಆಟ ಕೆಡುತ್ತದೆ.

ನಾನು ಮಾಡಿದ ತಪ್ಪು

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ.

ಆಟ ಶುರುವಾಗಿ ಮೂರನೆಯ ತಿಂಗಳು. ಆ ಹೊತ್ತಿಗೆ ನನ್ನ ಉಪಾಯಗಳಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ತಲೆ ಸ್ವಲ್ಪ ತಿರುಗಿತ್ತು. ಕಥೆಯಲ್ಲಿ ಹಕೀಮನ ತಮ್ಮನನ್ನು ಜಾದೂಗಾರನೊಬ್ಬ ಕಲ್ಲು ಮಾಡಿಟ್ಟಿದ್ದ. ಅವನನ್ನು ಬಿಡಿಸಲು ಒಂದು ಹಸಿರು ಹರಳು ಬೇಕಿತ್ತು. ನಾಲ್ಕು ಭಾನುವಾರ ಕಷ್ಟಪಟ್ಟು ಹಕೀಮ್ ಅದನ್ನು ಸಂಪಾದಿಸಿದ್ದ. ಐದನೆಯ ಭಾನುವಾರ ನಾನು ಆಪಾಗೆ ಗುಟ್ಟಾಗಿ ಒಂದು ಚೀಟಿ ಬರೆದು ಕೊಟ್ಟೆ: "ಹಕೀಮ್ ಮಲಗಿದಾಗ ಹರಳು ಕದ್ದು, ಬಾಟಲಿ ಗಾಜಿನ ಚೂರು ಇಡುತ್ತೇನೆ." ಲೋಟದಲ್ಲಿ 19 ಬಂತು. ಹರಳು ಮಾರಿ ಗಿಲೀಮ್‌ನಂಥ ಮಾಯದ ಕಂಬಳಿ ಕೊಂಡೆ.

ಹಕೀಮ್ ತಮ್ಮನ ಎದುರು ನಿಂತು ಹರಳು ತೆಗೆದಾಗ ಆಪಾ "ಅದು ಗಾಜು" ಎಂದರು. ನಾನು ಹೊಟ್ಟೆ ಹಿಡಿದು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಯಾಕೋ ಹೀಗೆ ಮಾಡ್ದೆ?" ಎಂದ ಹಕೀಮ್.

"ನನ್ನ ಪಾತ್ರ ಇರೋದೇ ಹಾಗೆ. ನಾನೇನ್ ಮಾಡ್ಲಿ?" ಎಂದೆ.

ಅವನು ಏನೂ ಹೇಳದೆ ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಮುಂದಿನ ಎರಡು ಭಾನುವಾರ ಬರಲಿಲ್ಲ. ತರಗತಿಯಲ್ಲಿ ಬೇರೆ ಬೆಂಚಿಗೆ ಹೋಗಿ ಕೂತ. ಒಂದು ಆಟಕ್ಕೆ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು ಬಂತು.

ಆಗ ನಾನಿ ಕೇಳಿದರು, "ಆ ಹುಡುಗ ಯಾಕೆ ಬರ್ತಾ ಇಲ್ಲ?" ನಡೆದದ್ದನ್ನು ಹೇಳಿದೆ. ಅಮ್ರೂವೂ ಕಳ್ಳನೇ ತಾನೇ ಎಂದು ಸಮರ್ಥಿಸಿಕೊಂಡೆ. ನಾನಿ ಅಕ್ಕಿ ಆರಿಸುತ್ತಾ ಹೇಳಿದರು, "ಅಮ್ರೂ ಶತ್ರುಗಳ ಪೇಟ ಕದೀತಾನೆ, ಪೆಟ್ಟಿಗೆ ಕದೀತಾನೆ. ಹಮ್ಜಾ ಮಲಗಿದಾಗ ಅವನು ಕಾವಲು ಕೂರ್ತಾನೆ. ನೀನು ಮಲಗಿದವನ ಜೇಬಿಗೇ ಕೈ ಹಾಕಿದೀಯ. ಇದು ಅಯ್ಯಾರಿ ಅಲ್ಲ ಬೇಟಾ."

ಮರುದಿನ ಸಂಜೆ ಹಕೀಮನನ್ನು ಹುಡುಕಿಕೊಂಡು ಹೋದೆ. ಅವನು ಕಾಲೇಜು ಮುಗಿದ ಮೇಲೆ ಅವರ ಅಬ್ಬಾ ಕೆಲಸ ಮಾಡುವ ಮಂಡಕ್ಕಿ ಭಟ್ಟಿಯಲ್ಲಿ ಚೀಲಗಳ ಲೆಕ್ಕ ಬರೆಯುತ್ತಾನೆ. ದಾವಣಗೆರೆಯ ಮಂಡಕ್ಕಿಯನ್ನು ನಾವೆಲ್ಲ ತಿನ್ನುತ್ತೇವೆ, ಆದರೆ ಭಟ್ಟಿಯ ಹೊಗೆ ಮತ್ತು ಕಾದ ಮರಳಿನ ಬಿಸಿಯಲ್ಲಿ ಹತ್ತು ನಿಮಿಷ ನಿಂತಿದ್ದು ನಾನು ಅದೇ ಮೊದಲು. ನಾನು ಕ್ಷಮೆ ಕೇಳುವ ಮೊದಲೇ ಅವನು ಹೇಳಿದ, "ಇಲ್ಲಿ ವಾರವೆಲ್ಲ ಯಾರು ಎಷ್ಟು ಚೀಲ ಕಮ್ಮಿ ಹೇಳಿದ್ರು ಅಂತ ನೋಡ್ಕೊಂಡು ಕೂತಿರ್ತೀನಿ. ಭಾನುವಾರ ನಾಲ್ಕು ಗಂಟೆ ಬಿಡುವು. ಅಲ್ಲೂ ಜೇಬು ಹಿಡ್ಕೊಂಡು ಕೂರ್ಬೇಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯಿತು ಎಂದೆ. ಆಗ ನನಗೆ ತಿಳಿಯಿತು, ಕದ್ದದ್ದು ಕಥೆಯ ಹರಳನ್ನಾದರೂ ಕಳೆದದ್ದು ಅವನ ನಾಲ್ಕು ನಿಜವಾದ ಭಾನುವಾರಗಳು. "ನನ್ನ ಪಾತ್ರ ಹಾಗೆ" ಎಂಬ ಮಾತೂ ಸುಳ್ಳು. ಚಾಲಾಕ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅವನು ಮಾಡುವುದೆಲ್ಲ ನಾನು ಆರಿಸಿದ್ದು.

ಮುಂದಿನ ಭಾನುವಾರ ಹಕೀಮ್ ಬಂದ. ಆಪಾ ತಮ್ಮದೂ ತಪ್ಪಿದೆ, ಆ ಗುಟ್ಟಿನ ಚೀಟಿ ತೆಗೆದುಕೊಳ್ಳಬಾರದಿತ್ತು ಎಂದರು. ನಡೆದದ್ದನ್ನು ಅಳಿಸಿಬಿಡೋಣವೇ ಎಂದು ಕೇಳಿದರು. ಹಕೀಮ್ ಬೇಡ ಎಂದ. "ಕದ್ದವನೇ ತಂದುಕೊಡಲಿ." ಚಾಲಾಕ್ ಮಾಯದ ಕಂಬಳಿಯನ್ನು ಮಾರಿ, ಹರಳು ಕೊಂಡವನನ್ನು ಹುಡುಕಿ, ಮೂರು ವಾರ ಅಲೆದು ಅದನ್ನು ವಾಪಸ್ ತಂದ. ನಮ್ಮ ಆಟದ ಅತಿ ಚೆನ್ನಾದ ಮೂರು ಭಾನುವಾರಗಳು ಅವೇ ಎಂದು ಈಗಲೂ ಎಲ್ಲರೂ ಹೇಳುತ್ತಾರೆ.

ಚಾಪೆಯ ನಿಯಮಗಳು

ಆ ದಿನ ನಾವು ಲೋಟದ ಜೊತೆ ಇಡಲು ಒಂದು ಕಾಗದ ಬರೆದೆವು. ಅದರಲ್ಲಿ ನಾಲ್ಕು ಸಾಲುಗಳಿವೆ.

ಉಪಾಯ ಕಥೆಯ ಎದುರಾಳಿಯ ಮೇಲೆ, ಚಾಪೆಯ ಮೇಲೆ ಕೂತವರ ಮೇಲಲ್ಲ.

ಜೊತೆಗಾರನ ಪಾತ್ರಕ್ಕೆ ಏನಾದರೂ ಮಾಡಬೇಕೆಂದರೆ ಮೊದಲು ಅವನನ್ನೇ ಕೇಳಬೇಕು: "ಹೀಗೆ ಮಾಡಿದರೆ ಕಥೆ ಚೆನ್ನಾಗಿರುತ್ತದೆ, ಮಾಡಲೇ?" ಬೇಡ ಎಂದರೆ ಬೇಡ.

ಚೀಟಿಯನ್ನು ಎಲ್ಲರಿಗೂ ತೋರಿಸಿ ಓದಬೇಕು.

"ನನ್ನ ಪಾತ್ರ ಹಾಗೆ" ಎಂಬುದು ಕಾರಣವಾಗುವುದಿಲ್ಲ.

ಐದನೆಯದನ್ನು ನಂತರ ಸೇರಿಸಿದ್ದು ಬಿಲ್ಲುಗಾರ. ದೊಡ್ಡಾಟದಲ್ಲಿ ಪ್ರತಿ ವೇಷ ರಂಗಕ್ಕೆ ಬಂದಾಗ ಸಾರಥಿ ಎದುರಾಗಿ, ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ನಗಿಸುವವನೂ ಅವನೇ. ಆದರೆ ಅವನ ಪ್ರಶ್ನೆಯಿಂದ ಮೆರೆಯುವುದು ರಾಜನ ವೇಷ. ಬಿಲ್ಲುಗಾರನ ಅಜ್ಜ ಹೇಳುತ್ತಿದ್ದರಂತೆ, ಸಾರಥಿ ತಾನೇ ಮಾತಾಡುತ್ತಾ ಹೋದರೆ ರಾಜ ಕಂಬದ ಹಾಗೆ ನಿಲ್ಲಬೇಕಾಗುತ್ತದೆ ಎಂದು. ಚಾಲಾಕಿಯ ಬಾಯಿ ದೊಡ್ಡದು, ಆದ್ದರಿಂದ ಅವನು ಬೇರೆಯವರಿಗೆ ಜಾಗ ಬಿಡಬೇಕು. ಈಗ ನಾನು ಉಪಾಯ ಹೂಡುವಾಗ ಪ್ರತಿಯೊಬ್ಬರಿಗೂ ಒಂದು ಕೆಲಸ ಇಡುತ್ತೇನೆ. ಪೈಲ್ವಾನ್ ಗದ್ದಲ ಎಬ್ಬಿಸಬೇಕು, ಬಿಲ್ಲುಗಾರ ಹಗ್ಗ ಎಸೆಯಬೇಕು, ಹಕೀಮ್ ರೋಗಿಯನ್ನು ನೋಡಲು ಬಂದವನಂತೆ ಒಳಗೆ ಹೋಗಬೇಕು.

ಕೊನೆಯ ಪ್ರಶ್ನೆ

ಅಮ್ಮೀ ಒಮ್ಮೆ ಕೇಳಿದರು, "ವಾರ ವಾರ ಕೂತು ಸುಳ್ಳು ಹೇಳೋದನ್ನ ಅಭ್ಯಾಸ ಮಾಡ್ತೀಯಾ?" ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು. ಸುಳ್ಳು ಎಂದರೆ ಎದುರಿನವನು ನಿಜವೆಂದು ನಂಬಲಿ ಎಂದು ಹೇಳುವುದು. ನಾಟಕದಲ್ಲಿ ರಾವಣನ ವೇಷದವನು ಯಾರಿಗೂ ಸುಳ್ಳು ಹೇಳುತ್ತಿಲ್ಲ, ಅದು ವೇಷ ಎಂದು ಎಲ್ಲರಿಗೂ ಗೊತ್ತು. ನಮ್ಮ ಚಾಪೆಯ ಮೇಲೂ ಎಲ್ಲರಿಗೂ ಗೊತ್ತಿರುವವರೆಗೆ ಅದು ಆಟ. ಒಬ್ಬನಿಗೆ ಗೊತ್ತಿಲ್ಲದ ಹಾಗೆ ಅವನ ಮೇಲೆ ನಡೆದಾಗ ಅದು ಮೋಸ. ಹರಳಿನ ದಿನ ನಾನು ಆ ಗೆರೆ ದಾಟಿದ್ದೆ.

ಆ ಗೆರೆ ಗೊತ್ತಾದ ಮೇಲೆ ಆಟ ನನಗೆ ಹೊರಗೂ ಉಪಯೋಗವಾಗಿದೆ. ಫೋನಿನಲ್ಲಿ "ನಿಮ್ಮ ಖಾತೆ ಬಂದ್ ಆಗುತ್ತೆ, ಓಟಿಪಿ ಹೇಳಿ" ಎಂದು ಅಬ್ಬಾಗೆ ಕರೆ ಬಂದಾಗ ನಾನು ಪಕ್ಕದಲ್ಲಿದ್ದೆ. ಇವನಿಗೆ ಏನು ಬೇಕು, ನಮ್ಮ ಯಾವ ಭಯವನ್ನು ಹಿಡಿದಿದ್ದಾನೆ, ಯಾಕೆ ಇಷ್ಟು ಅವಸರ ಮಾಡುತ್ತಿದ್ದಾನೆ ಎಂದು ತಕ್ಷಣ ಹೊಳೆಯಿತು. ಹವಾಲ್ದಾರನಿಗೆ ನಾನು ಹೂಡಿದ ಉಪಾಯವೂ ಅದೇ ಬಗೆಯದು. ಫೋನ್ ಇಡಿ ಎಂದೆ, ಅಬ್ಬಾ ಇಟ್ಟರು.

ಆಡಲು ಇಷ್ಟವಿರುವವರು ದುಬಾರಿ ಪುಸ್ತಕ ಕೊಳ್ಳಬೇಕಾಗಿಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಮೂಲ ನಿಯಮಗಳ ಒಂದು ಸಂಗ್ರಹ 2023ರಿಂದ ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಅದೂ ಭಾರ ಎನಿಸಿದರೆ ಇಪ್ಪತ್ತು ಚೀಟಿ, ಒಂದು ಲೋಟ, ಕಥೆ ಹೇಳಲು ಬರುವ ಒಬ್ಬರು ಮತ್ತು ಮೂರು ನಿಯಮ ಸಾಕು: ಸುಲಭದ ಕೆಲಸಕ್ಕೆ 10, ಕಷ್ಟದ್ದಕ್ಕೆ 15, ತುಂಬ ಕಷ್ಟದ್ದಕ್ಕೆ 20. ಪಾತ್ರಕ್ಕೆ ಒಗ್ಗುವ ಕೆಲಸವಾದರೆ 3 ಕೂಡಿಸಿಕೊಳ್ಳಿ.

ಚಾಲಾಕಿ ಪಾತ್ರ ತೆಗೆದುಕೊಳ್ಳುವವರು ಮೊದಲ ದಿನವೇ ಜೋಳಿಗೆಯ ಆರು ವಸ್ತು ಬರೆದಿಡಿ. ನಿಯಮದ ಕಾಗದಕ್ಕೆ ಎಲ್ಲರೂ ಸಹಿ ಹಾಕಿ. ನಮ್ಮ ಕಾಗದದಲ್ಲಿ ಮೊದಲ ಸಹಿ ಹಕೀಮನದು, ಎರಡನೆಯದು ನನ್ನದು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬರುವ ಭಾನುವಾರ ಮತ್ತೆ ಆಟ ಶುರು. ಒಬ್ಬರಿಗೆ ಜಾಗ ಇದೆ. ಬರುವವರು ಮೊದಲೇ ಹೇಳಿದರೆ ನಾನಿ ಒಂದು ಲೋಟ ಚಹಾ ಹೆಚ್ಚಿಗೆ ಇಡುತ್ತಾರೆ.